ಬೆಂಕಿಯನ್ನು ಎಷ್ಟು ದೂರ ಇಡಬೇಕು?

(ಕಳೆದ ಭಾನುವಾರ ನಮ್ಮ ಬಡಾವಣೆಯ ಓದುಗರ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ನಡುವೆ ಬಂದ ಪ್ರಶ್ನೆಗಳನ್ನು ಬಂದ ಜಾಗದಲ್ಲೇ ಉಳಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಮೊದಲು ಪರದೆಯ ಮೇಲಿರುವ ಈ ಚಿತ್ರ ನೋಡಿ. ಇದು ತೈಪೆಯ ರಾಷ್ಟ್ರೀಯ ಅರಮನೆ ಸಂಗ್ರಹಾಲಯದಲ್ಲಿದೆ. ಚೀನಾದ ಸೋಂಗ್ ರಾಜರ ಕಾಲದ ಚಿತ್ರಕಾರ ಲಿ ಥಾಂಗ್ ಬರೆದದ್ದು ಎಂದು ಹೇಳುತ್ತಾರೆ. ಅಂದರೆ ಸುಮಾರು 900 ವರ್ಷದ ಹಿಂದಿನದು. ಮರದ ಕೆಳಗೆ ಒಬ್ಬ ಹಳ್ಳಿ ವೈದ್ಯ ಕೂತಿದ್ದಾನೆ. ಎದುರಿಗೆ ಒಬ್ಬ ಮುದುಕ, ಬರಿ ಬೆನ್ನು. ವೈದ್ಯ ಆ ಬೆನ್ನನ್ನು ಸುಡುತ್ತಿದ್ದಾನೆ. ಮನೆಯವರು ಮುದುಕ ಅಲ್ಲಾಡದ ಹಾಗೆ ಗಟ್ಟಿಯಾಗಿ ಹಿಡಿದಿದ್ದಾರೆ. ಅವನ ಬಾಯಿ ಅಗಲಕ್ಕೆ ತೆರೆದಿದೆ, ಕೂಗು ಕೇಳಿಸುವುದೊಂದು ಬಾಕಿ. ವೈದ್ಯನ ಹಿಂದೆ ಒಬ್ಬ ಹುಡುಗ ಇದ್ದಾನೆ. ಅವನ ಕೈಯಲ್ಲಿ ಮುಲಾಮಿನ ಪಟ್ಟಿ. ಸುಟ್ಟಾದ ಮೇಲೆ ಅಂಟಿಸಲು ಈಗಲೇ ತಯಾರಾಗಿ ನಿಂತಿದ್ದಾನೆ.

ಈಗ ನಾನು ಕಣ್ಣಾರೆ ಕಂಡ ಇನ್ನೊಂದು ದೃಶ್ಯ. ದಕ್ಷಿಣ ಚೀನಾದ ಗುವಾಂಗ್‌ಝೌ ನಗರದ ಒಂದು ಸಣ್ಣ ಅಂಗಡಿ. ಐವತ್ತು ದಾಟಿದ ಹೆಂಗಸು ಬೋರಲು ಮಲಗಿದ್ದಾಳೆ. ಸೊಂಟದ ಮೇಲೆ ಒಂದು ಬಿದಿರಿನ ಡಬ್ಬಿ, ಅದರಿಂದ ಹೊಗೆ ಏಳುತ್ತಿದೆ. ಆಕೆ ಗೊರಕೆ ಹೊಡೆಯುತ್ತಿದ್ದಾಳೆ.

ಎರಡೂ ಒಂದೇ ಚಿಕಿತ್ಸೆ, ಸೊಪ್ಪು ಸುಟ್ಟು ಮೈಗೆ ಶಾಖ ಕೊಡುವ ಚೀನಾದ ಪದ್ಧತಿ. ಹೆಸರು ಕೂಡ ಒಂದೇ. ಕಿರುಚಾಟದಿಂದ ಗೊರಕೆಯವರೆಗೆ ಬಂದದ್ದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತು.

ನಾನು ಫಿಸಿಯೋಥೆರಪಿಸ್ಟ್. ಯಜಮಾನರ ಕೆಲಸದ ಸಲುವಾಗಿ ಆರು ವರ್ಷ ಗುವಾಂಗ್‌ಝೌನಲ್ಲಿ ಇದ್ದೆ. ಅಲ್ಲಿ ನನಗೆ ಕೆಲಸ ಮಾಡಲು ಪರವಾನಗಿ ಇರಲಿಲ್ಲ. ಕೈಗೆ ಕೆಲಸ ಇಲ್ಲದ ಫಿಸಿಯೋಥೆರಪಿಸ್ಟ್ ಏನು ಮಾಡುತ್ತಾಳೆ ಹೇಳಿ? ಬೇರೆಯವರ ಕೈ ನೋಡುತ್ತಾ ಕೂರುತ್ತಾಳೆ. ನಾನೂ ಅದನ್ನೇ ಮಾಡಿದೆ.

ನಾವು ಅಕ್ಯುಪಂಕ್ಚರ್ ಅಂದರೆ ಬರೀ ಸೂಜಿ ಅಂದುಕೊಂಡಿದ್ದೇವೆ, ಅಲ್ವಾ? ಚೀನಿಯರು ಅದನ್ನು ಕರೆಯುವುದು ಝೆನ್ ಜ್ಯೂ ಅಂತ. ಝೆನ್ ಅಂದರೆ ಸೂಜಿ. ಜ್ಯೂ ಅಂದರೆ ಸೊಪ್ಪನ್ನು ಸುಟ್ಟು ಶಾಖ ಕೊಡುವುದು. ಹೆಸರಿನ ಅರ್ಧ ಭಾಗ ಬೆಂಕಿಯದು. 2010ರಲ್ಲಿ ಯುನೆಸ್ಕೊ ತನ್ನ ಪಾರಂಪರಿಕ ಪಟ್ಟಿಗೆ ಸೇರಿಸಿಕೊಂಡಾಗಲೂ ಎರಡನ್ನೂ ಒಟ್ಟಿಗೇ ಸೇರಿಸಿತು. ಸೂಜಿ ಮಾತ್ರ ಜಗತ್ತು ಸುತ್ತಿತು, ಬೆಂಕಿ ಹಿಂದೆ ಉಳಿಯಿತು. ಬಾಡಿಗೆ ಕಟ್ಟಡದಲ್ಲಿ ಹೊಗೆ ಹಾಕಿದರೆ ಯಾವ ಮಾಲೀಕ ಸುಮ್ಮನಿರುತ್ತಾನೆ?

ಸುಡುವ ಸೊಪ್ಪಿನ ಹೆಸರು ಅಯ್. ಹೆಸರು ಹೊಸದು ಅನಿಸಬಹುದು, ಆದರೆ ಅದರ ನಂಟರು ನಿಮಗೆಲ್ಲ ಗೊತ್ತು. ಹೂವಿನ ಮಾರುಕಟ್ಟೆಯಲ್ಲಿ ಮಾಲೆಯ ನಡುವೆ ಕಟ್ಟುವ ಮಾಚಿಪತ್ರೆ, ಘಮಘಮ ಅನ್ನುವ ದವನ, ಇವೆಲ್ಲ ಒಂದೇ ಕುಲದ ಗಿಡಗಳು. ಮಾಚಿಪತ್ರೆಯ ಎಲೆ ತಿರುಗಿಸಿ ನೋಡಿ, ಹಿಂಬದಿಯಲ್ಲಿ ಬೂದು ಬಣ್ಣದ ನವಿರು ಇರುತ್ತದೆ. ಅಯ್ ಎಲೆಯಲ್ಲೂ ಹಾಗೇ. ಎಲೆ ಒಣಗಿಸಿ, ಕುಟ್ಟಿ, ಜರಡಿ ಹಿಡಿದರೆ ಪುಡಿಯೆಲ್ಲ ಉದುರಿ ಆ ನವಿರಷ್ಟೇ ಹತ್ತಿಯ ಹಾಗೆ ಉಳಿಯುತ್ತದೆ. ಈ ಹತ್ತಿ ಧಗ್ಗನೆ ಉರಿಯುವುದಿಲ್ಲ. ಊದುಬತ್ತಿಯ ಹಾಗೆ ಒಳಗೊಳಗೇ ಕೆಂಡವಾಗಿ ನಿಧಾನಕ್ಕೆ ಸುಡುತ್ತದೆ. ಬೇರೆ ನೂರು ಸೊಪ್ಪು ಬಿಟ್ಟು ಇದನ್ನೇ ಹಿಡಿದುಕೊಂಡದ್ದಕ್ಕೆ ಈ ಗುಣವೇ ದೊಡ್ಡ ಕಾರಣ ಅಂತ ನನಗೆ ಅನಿಸುತ್ತದೆ.

ಅಯ್ ಹಳೆಯದಾದಷ್ಟೂ ಒಳ್ಳೆಯದು ಅನ್ನುತ್ತಾರೆ. ನಮ್ಮಲ್ಲಿ ಹಳೇ ಅಕ್ಕಿ, ಹಳೇ ಹುಣಸೆಹಣ್ಣು ಅನ್ನುವುದಿಲ್ಲವೇ, ಹಾಗೆ. ಎರಡು ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಇದ್ದ ಮೆನ್ಸಿಯಸ್ ಎಂಬ ಚಿಂತಕ ಆಡಳಿತದ ಬಗ್ಗೆ ಮಾತಾಡುತ್ತಾ ಒಂದು ಹೋಲಿಕೆ ಕೊಡುತ್ತಾನೆ: ಏಳು ವರ್ಷದ ಕಾಯಿಲೆಯವನು ಮೂರು ವರ್ಷ ಹಳೆಯ ಅಯ್ ಹುಡುಕಿಕೊಂಡು ಹೊರಟ ಹಾಗೆ. ಮೊದಲೇ ಕೂಡಿಟ್ಟುಕೊಳ್ಳದಿದ್ದರೆ ಆಮೇಲೆ ಎಲ್ಲಿಂದ ತರುತ್ತೀಯಪ್ಪಾ ಅನ್ನುವುದು ಅವನ ಪ್ರಶ್ನೆ. ಇವತ್ತೂ ಅಂಗಡಿಯಲ್ಲಿ ‘ಮೂರು ವರ್ಷದ ಹಳೇ ಅಯ್’ ಅಂತಲೇ ಪೊಟ್ಟಣದ ಮೇಲೆ ಬರೆದಿರುತ್ತಾರೆ. ಹೆಸರಾದದ್ದು ಹುಬೈ ಪ್ರಾಂತ್ಯದ ಚಿಚುನ್ ಊರಿನದು. ಚೀನಾದ ದೊಡ್ಡ ಔಷಧ ಕೋಶ ಬರೆದ ಲಿ ಶಿಝೆನ್ ಹುಟ್ಟಿದ್ದು ಅದೇ ಊರಿನಲ್ಲಿ, 1518ರಲ್ಲಿ. ಊರಿನ ಸೊಪ್ಪಿಗೆ ಇದಕ್ಕಿಂತ ಒಳ್ಳೆ ಜಾಹೀರಾತು ಬೇಕಾ?

ಈ ಬೆಂಕಿ ಎಷ್ಟು ಹಳೆಯದು? 1973ರಲ್ಲಿ ಹುನಾನ್ ಪ್ರಾಂತ್ಯದ ಛಾಂಗ್‌ಶಾ ಬಳಿ, ಮಾವಾಂಗ್‌ದ್ವೇ ಅನ್ನುವಲ್ಲಿ ಒಂದು ಸಮಾಧಿ ಅಗೆದರು. ಕ್ರಿ.ಪೂ. 168ರಲ್ಲಿ ಮುಚ್ಚಿದ ಸಮಾಧಿ. ಒಳಗೆ ರೇಷ್ಮೆಯ ಮೇಲೆ ಬರೆದ ವೈದ್ಯ ಗ್ರಂಥಗಳು ಸಿಕ್ಕವು. ಮೈಯಲ್ಲಿ ಹರಿಯುವ ಹನ್ನೊಂದು ನಾಳಗಳ ವಿವರ ಅದರಲ್ಲಿದೆ. ಇಂಥ ನಾಳದಲ್ಲಿ ಇಂಥ ನೋವು ಬಂದರೆ ಇಲ್ಲಿ ಸುಡು, ಇಷ್ಟೇ ಅದರ ಚಿಕಿತ್ಸೆ. ಆ ನಾಳದ ಬರಹಗಳಲ್ಲಿ ಸೂಜಿಯ ಮಾತೇ ಇಲ್ಲ. ಬೆಂಕಿ ಅಣ್ಣ, ಸೂಜಿ ತಮ್ಮ ಅನ್ನುವ ವಿದ್ವಾಂಸರು ಇದನ್ನೇ ತೋರಿಸುತ್ತಾರೆ.

ಚೀನಾದ ದಂತಕಥೆಯ ಹಳದಿ ದೊರೆಯ ಹೆಸರಿನಲ್ಲಿರುವ ಪುರಾತನ ವೈದ್ಯ ಗ್ರಂಥದಲ್ಲಿ ನನಗೆ ತುಂಬಾ ಇಷ್ಟವಾದ ಒಂದು ಅಧ್ಯಾಯ ಇದೆ. ಯಾವ ಚಿಕಿತ್ಸೆ ಯಾವ ದಿಕ್ಕಿನಿಂದ ಬಂತು ಅಂತ ಅದು ಹೇಳುತ್ತದೆ. ಕಲ್ಲಿನ ಸೂಜಿ ಪೂರ್ವದ ಕಡಲ ತೀರದ್ದು. ಔಷಧಿ ಪಶ್ಚಿಮದ್ದು. ಸಣ್ಣ ಸೂಜಿಗಳು ದಕ್ಷಿಣದವು. ಬೆಂಕಿ ಉತ್ತರದ್ದು, ಯಾಕೆಂದರೆ ಅಲ್ಲಿಯವರು ಗಾಳಿ ಹೊಡೆಯುವ ಎತ್ತರದ ಬಯಲಲ್ಲಿ ಇರುತ್ತಾರೆ, ಹಾಲು ಕುಡಿಯುತ್ತಾರೆ, ಶೀತ ಹೊಟ್ಟೆಗೆ ಇಳಿಯುತ್ತದೆ. ಮೈ ಒತ್ತುವುದು, ತಿಕ್ಕುವುದು, ಮೈ ಚಾಚುವ ವ್ಯಾಯಾಮ ಮಧ್ಯ ದೇಶದ್ದು. ಅಲ್ಲಿ ನೆಲ ಸಮತಟ್ಟು, ತೇವ ಜಾಸ್ತಿ, ಜನ ಬೇಕಾದ್ದೆಲ್ಲ ತಿನ್ನುತ್ತಾರೆ, ಹೆಚ್ಚು ದುಡಿಯುವುದಿಲ್ಲ. ಈ ಕೊನೆಯ ಮಾತು ಓದಿದಾಗ ನನಗೆ ನಮ್ಮ ಐಟಿ ಕಂಪನಿಗಳ ಹುಡುಗರು ನೆನಪಾದರು. ಕೂತೇ ಇರುವವನಿಗೆ ಮಸಾಜ್ ಬೇಕು ಅಂತ ಎರಡು ಸಾವಿರ ವರ್ಷದ ಹಿಂದೆಯೇ ಬರೆದಿಟ್ಟಿದ್ದಾರೆ!

ಈಗ ಆ ಮುದುಕನ ಕಿರುಚಾಟಕ್ಕೆ ಬರೋಣ. ಹಳೇ ಪದ್ಧತಿಯಲ್ಲಿ ಅಯ್ ಹತ್ತಿಯನ್ನು ಸಣ್ಣ ಗೋಪುರದ ಹಾಗೆ ಉಂಡೆ ಮಾಡಿ ನೇರವಾಗಿ ಚರ್ಮದ ಮೇಲೆ ಇಟ್ಟು ಹಚ್ಚುತ್ತಿದ್ದರು. ಅದು ಬುಡದವರೆಗೆ ಉರಿಯಬೇಕು, ಬೊಬ್ಬೆ ಏಳಬೇಕು, ಕೀವಾಗಬೇಕು, ಕಲೆ ಉಳಿಯಬೇಕು. ಕೀವಾಗದಿದ್ದರೆ ಚಿಕಿತ್ಸೆ ಹಿಡಿದಿಲ್ಲ ಎಂದೇ ಲೆಕ್ಕ. ಮೊಣಕಾಲಿನ ಕೆಳಗೆ ಸಾನ್‌ಲಿ ಎಂಬ ಬಿಂದು ಇದೆ. ‘ನೆಮ್ಮದಿ ಬೇಕಾದರೆ ಸಾನ್‌ಲಿ ಒಣಗದಿರಲಿ’ ಅಂತ ಒಂದು ಗಾದೆ. ಅಂದರೆ ಅಲ್ಲಿ ಸುಟ್ಟ ಗಾಯ ಸದಾ ಹಸಿಯಾಗಿರಲಿ ಅಂತ.

ಕೇಳಿ ಮುಖ ಕಿವುಚುತ್ತಿದ್ದೀರಿ. ನಮ್ಮ ಹಳ್ಳಿಗಳಲ್ಲಿ ಕಾಮಾಲೆಗೆ ಬರೆ ಹಾಕುವುದನ್ನು ನೋಡಿದವರು ಇಲ್ಲಿ ಎಷ್ಟು ಜನ ಇದ್ದೀರಿ? ಕೈ ಎತ್ತಿ. ನೋಡಿ, ಸುಮಾರು ಕೈಗಳು ಮೇಲಿವೆ. ಎಳೆ ಮಗುವಿನ ಹೊಟ್ಟೆಗೆ ಬರೆ ಹಾಕಿ ಆಸ್ಪತ್ರೆಗೆ ತರುವವರು ಈಗಲೂ ಇದ್ದಾರೆ. ಸುಟ್ಟರೆ ರೋಗ ಹೋಗುತ್ತದೆ ಅನ್ನುವ ನಂಬಿಕೆ ಒಂದೇ ದೇಶದ್ದಲ್ಲ. ಚೀನಾದಲ್ಲಿ ಆದ ಬದಲಾವಣೆ ಏನೆಂದರೆ, ಬೆಂಕಿಯನ್ನು ಚರ್ಮದಿಂದ ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತಾ ಬಂದರು.

ಮೊದಲು ಮಧ್ಯೆ ಒಂದು ಶುಂಠಿ ಬಿಲ್ಲೆ ಬಂತು. ಬೆಳ್ಳುಳ್ಳಿ ಬಿಲ್ಲೆ ಬಂತು. ಹೊಕ್ಕುಳಿಗೆ ಉಪ್ಪು ತುಂಬಿ ಅದರ ಮೇಲೆ ಉಂಡೆ ಇಟ್ಟರು. ಆಮೇಲೆ ಅಯ್ ಹತ್ತಿಯನ್ನು ಕಾಗದದಲ್ಲಿ ಚುಟ್ಟದ ಹಾಗೆ ಸುತ್ತಿ, ಚರ್ಮದಿಂದ ಎರಡು ಮೂರು ಸೆಂಟಿಮೀಟರ್ ದೂರ ಹಿಡಿಯುವುದು ಶುರುವಾಯಿತು. ಹತ್ತು ಹದಿನೈದು ನಿಮಿಷ ಹಿಡಿದರೆ ಸಾಕು, ಚರ್ಮ ಕೆಂಪಾಗುತ್ತದೆ, ಸುಡುವುದಿಲ್ಲ. ಇದರಲ್ಲಿ ಒಂದು ಕೈಚಳಕಕ್ಕೆ ‘ಗುಬ್ಬಿ ಕುಟುಕು’ ಅಂತ ಹೆಸರು. ಗುಬ್ಬಿ ಕಾಳು ಹೆಕ್ಕುವ ಹಾಗೆ ಕೆಂಡವನ್ನು ಹತ್ತಿರ ತಂದು ದೂರ ಒಯ್ಯುತ್ತಾರೆ. ಕೊನೆಗೆ ಬಂದದ್ದು ನಾನು ಹೇಳಿದ ಬಿದಿರಿನ ಡಬ್ಬಿ.

ಅರಮನೆಯೂ ಈ ಬೆಂಕಿಯನ್ನು ದೂರ ಇಟ್ಟಿತು, ಬೇರೆ ಕಾರಣಕ್ಕೆ. 1822ರಲ್ಲಿ ದಾವ್‌ಗ್ವಾಂಗ್ ಚಕ್ರವರ್ತಿ ತನ್ನ ವೈದ್ಯಶಾಲೆಯಲ್ಲಿ ಸೂಜಿ ಮತ್ತು ಬೆಂಕಿಯ ವಿಭಾಗವನ್ನೇ ಮುಚ್ಚಿಸಿದ. ಚುಚ್ಚುವುದು, ಸುಡುವುದು ದೊರೆಯ ಮೈಗೆ ತಕ್ಕದ್ದಲ್ಲ ಅನ್ನುವುದು ಕಾರಣ. ಊರಿನ ಬಡವರಿಗೆ ಆ ಮರ್ಯಾದೆಯ ಚಿಂತೆ ಇರಲಿಲ್ಲ. ಅವರ ನಡುವೆ ಅದು ಉಳಿಯಿತು.

ಗುವಾಂಗ್‌ಝೌನಲ್ಲಿ ಯುಎಶ್ಯು ಗುಡ್ಡದ ಬುಡಕ್ಕೆ ಸಾನ್‌ಯುವಾನ್ ಎಂಬ ದಾವೊ ಧರ್ಮದ ದೇವಾಲಯ ಇದೆ. ಅಲ್ಲಿ ಬಾವ್ ಗು ಎಂಬ ಹೆಂಗಸಿಗೆ ಪೂಜೆ ನಡೆಯುತ್ತದೆ. ನಾಲ್ಕನೇ ಶತಮಾನದವಳು. ಆ ಗುಡ್ಡದಲ್ಲಿ ಬೆಳೆಯುವ ಕೆಂಪು ದಂಟಿನ ಅಯ್ ತಂದು ಜನರಿಗೆ ಶಾಖ ಕೊಡುತ್ತಿದ್ದಳಂತೆ. ಆಕೆಯ ಗಂಡ ಗೆ ಹೊಂಗ್, ದೊಡ್ಡ ವಿದ್ವಾಂಸ. ತುರ್ತಿಗೆ ಬೇಕಾಗುವ ಮದ್ದುಗಳ ಒಂದು ಕೈಪಿಡಿ ಬರೆದ. ಚಳಿಜ್ವರಕ್ಕೆ ಒಂದು ಹಿಡಿ ಚಿಂಗ್‌ಹಾವ್ ಸೊಪ್ಪನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿ ಅಂತ ಅದರಲ್ಲಿ ಒಂದು ಸಾಲು ಇದೆ. ಸುಮಾರು 1600 ವರ್ಷದ ಮೇಲೆ ತು ಯೂಯೂ ಎಂಬ ವಿಜ್ಞಾನಿ ಆ ಸಾಲು ಓದಿ, ಓಹೋ ಇದನ್ನು ಕುದಿಸಬಾರದು ಅಂತ ಅರ್ಥ ಮಾಡಿಕೊಂಡು ಮಲೇರಿಯಾ ಔಷಧಿ ತೆಗೆದರು. 2015ರಲ್ಲಿ ನೊಬೆಲ್ ಬಂತು. ಆ ಸೊಪ್ಪು ಕೂಡ ನಮ್ಮ ಮಾಚಿಪತ್ರೆ, ದವನದ ಕುಲದ್ದೇ. ವಿಷಯ ಬಿಟ್ಟು ಹೋದೆ, ಕ್ಷಮಿಸಿ. ಆದರೆ ಗಂಡನ ಪುಸ್ತಕ ನೊಬೆಲ್‌ವರೆಗೆ ಹೋಯಿತು, ಹೆಂಡತಿಯ ಕೈಗುಣಕ್ಕೆ ಊದುಬತ್ತಿ ಹಚ್ಚುತ್ತಿದ್ದಾರೆ ಅನ್ನುವುದನ್ನು ಹೇಳದೆ ಇರಲು ಆಗಲಿಲ್ಲ.

ಕಪ್ಪಿಂಗ್, ಅಂದರೆ ಮೈಗೆ ಲೋಟ ಕವುಚಿ ಚರ್ಮ ಎಳೆಯುವ ಚಿಕಿತ್ಸೆ, ಅದರ ಬಗ್ಗೆ ಕೇಳುತ್ತೀರಿ ಅಂತ ಗೊತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಮೈಕಲ್ ಫೆಲ್ಪ್ಸ್ ಭುಜದ ಮೇಲೆ ಕಂದು ಚಕ್ರಗಳನ್ನು ಎಲ್ಲರೂ ಟಿವಿಯಲ್ಲಿ ನೋಡಿದರು. ಅದು ಹೊಸ ಫ್ಯಾಷನ್ ಏನಲ್ಲ. ಮೊದಲು ಪ್ರಾಣಿಯ ಕೊಂಬು ಬಳಸುತ್ತಿದ್ದರು. ಆಮೇಲೆ ಬಿದಿರು, ಆಮೇಲೆ ಗಾಜು. ನಮ್ಮ ಸುಶ್ರುತನೂ ರಕ್ತ ತೆಗೆಯಲು ಕೊಂಬು, ಸೋರೆಬುರುಡೆ ಹೇಳಿದ್ದಾನೆ. ಲೋಟದೊಳಗೆ ಉರಿಯುವ ಹತ್ತಿ ಆಡಿಸಿ, ಹತ್ತಿ ಹೊರಗೆ ತೆಗೆದು, ಲೋಟವನ್ನು ತಟ್ಟನೆ ಬೆನ್ನಿಗೆ ಮುಚ್ಚುತ್ತಾರೆ. ಒಳಗಿನ ಬಿಸಿ ಗಾಳಿ ತಣ್ಣಗಾಗಿ ಒತ್ತಡ ಇಳಿಯುತ್ತದೆ, ಚರ್ಮ ಒಳಗೆ ಉಬ್ಬಿ ಬರುತ್ತದೆ. ಉರಿಯುವ ಮೇಣದಬತ್ತಿಗೆ ಲೋಟ ಮುಚ್ಚಿದರೆ ತಟ್ಟೆಯ ನೀರು ಮೇಲೇರುವ ಪ್ರಯೋಗ ಶಾಲೆಯಲ್ಲಿ ಮಾಡಿದ್ದೇವಲ್ಲ, ಅದೇ. ಸಣ್ಣ ರಕ್ತನಾಳಗಳು ಒಡೆದು ರಕ್ತ ಚರ್ಮದ ಕೆಳಗೆ ಸೋರುತ್ತದೆ, ಅದೇ ಆ ಕಂದು ಚಕ್ರ. ‘ವಿಷ ಹೊರಗೆ ಬಂತು, ಬಣ್ಣ ನೋಡಿ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಬಾಗಿಲಿಗೆ ಬೆರಳು ಸಿಕ್ಕಿಕೊಂಡರೂ ಅದೇ ಬಣ್ಣ ಬರುತ್ತದೆ.

ನನಗೆ ಇದರಲ್ಲಿ ಒಂದು ಪಾಠ ಆಯಿತು. ಮಾಲ್ ಒಳಗಿನ ಝಗಮಗ ಅನ್ನುವ ಒಂದು ಅಂಗಡಿಗೆ ಹೋಗಿದ್ದೆ. ಹೊಸ ಹುಡುಗ, ಪಾಪ, ಹತ್ತಿಯನ್ನು ಲೋಟದ ನಡುವೆ ಆಡಿಸುವ ಬದಲು ಅಂಚಿಗೇ ಸವರಿದ. ಅಂಚು ಕಾದಿತ್ತು. ಬೆನ್ನ ಮೇಲೆ ಬಳೆಯ ಆಕಾರದ ಬೊಬ್ಬೆ. ಎರಡು ವಾರ ಬೋರಲು ಮಲಗಿದೆ. ಆ ಹುಡುಗನ ಕೈಯಲ್ಲಿ ಒಂದು ಇಂಚಿನ ತಪ್ಪಾಗಿತ್ತು, ಅಷ್ಟೇ.

ಗ್ವಾ ಶಾ ಅಂದರೆ ಕೆರೆಯುವುದು. ಎಣ್ಣೆ ಹಚ್ಚಿ, ಎಮ್ಮೆ ಕೊಂಬಿನ ಬಿಲ್ಲೆಯಿಂದಲೋ ಪಿಂಗಾಣಿ ಚಮಚದಿಂದಲೋ ಕುತ್ತಿಗೆ, ಬೆನ್ನು ಕೆರೆಯುತ್ತಾರೆ. ಮರಳು ಚೆಲ್ಲಿದ ಹಾಗೆ ಕೆಂಪು ಚುಕ್ಕೆ ಏಳುತ್ತವೆ. ಅದಕ್ಕೇ ಶಾ ಅನ್ನುವುದು. 2007ರಲ್ಲಿ ಹನ್ನೊಂದು ಆರೋಗ್ಯವಂತರ ಮೇಲೆ ಅಳೆದು ನೋಡಿದಾಗ, ಕೆರೆದ ಜಾಗದಲ್ಲಿ ಮೊದಲ ಕೆಲವು ನಿಮಿಷ ರಕ್ತದ ಓಡಾಟ ನಾಲ್ಕು ಪಟ್ಟು ಏರಿತ್ತು. ಹನ್ನೊಂದೇ ಜನ, ಅದನ್ನೂ ನೆನಪಿಡಿ. ವಿಯೆಟ್ನಾಂ ಯುದ್ಧದ ನಂತರ ಅಮೆರಿಕಕ್ಕೆ ವಲಸೆ ಹೋದವರ ಮಕ್ಕಳ ಬೆನ್ನ ಮೇಲೆ ಇಂಥ ಗೆರೆ ನೋಡಿ, ಮಗುವಿಗೆ ಹೊಡೆದಿದ್ದಾರೆ ಅಂತ ಅಲ್ಲಿಯ ವೈದ್ಯರು ಗಾಬರಿಯಾದದ್ದೂ ಉಂಟು. ಅವರು ಬಳಸುತ್ತಿದ್ದದ್ದು ನಾಣ್ಯ. ಜ್ವರ ಬಂದ ಮಗುವಿಗೆ ಅಮ್ಮ ಮಾಡಿದ ಆರೈಕೆ.

ಇನ್ನು ಕೈ. ನನ್ನ ಇಷ್ಟದ ವಿಷಯ.

ಮೈ ಒತ್ತಿ ವಾಸಿ ಮಾಡುವುದಕ್ಕೆ ತ್ವೇ ನಾ ಅನ್ನುತ್ತಾರೆ. ತ್ವೇ ಅಂದರೆ ತಳ್ಳು, ನಾ ಅಂದರೆ ಹಿಡಿ. ಸಾವಿರ ವರ್ಷಕ್ಕೂ ಹಿಂದಿನ ಥಾಂಗ್ ರಾಜರ ಕಾಲದಲ್ಲೇ ಅರಮನೆಯ ವೈದ್ಯಶಾಲೆಯಲ್ಲಿ ಮಸಾಜ್‌ಗೆ ಪ್ರತ್ಯೇಕ ವಿಭಾಗ, ಕಲಿಸಲು ಗುರುಗಳು ಇದ್ದರು. ಈಗ ಹೆಚ್ಚು ಬಳಕೆಯಲ್ಲಿರುವ ‘ಉರುಳಿಸುವ’ ವಿಧಾನ ಮಾತ್ರ ಹೊಸದು. 1940ರ ದಶಕದಲ್ಲಿ ಶಾಂಘೈನ ದಿಂಗ್ ಜಿಫೆಂಗ್ ರೂಪಿಸಿದ್ದು. ಮುಷ್ಟಿ ಸಡಿಲ ಬಿಟ್ಟು, ಅಂಗೈಯ ಹಿಂಬದಿಯನ್ನು ನೋವಿನ ಜಾಗದ ಮೇಲೆ ಆಚೆ ಈಚೆ ಉರುಳಿಸುವುದು, ನಿಮಿಷಕ್ಕೆ 120ರಿಂದ 160 ಸಲ. ಸುಲಭ ಅನಿಸಿದರೆ ಈಗಲೇ ನಿಮ್ಮ ತೊಡೆಯ ಮೇಲೆ ಒಂದು ನಿಮಿಷ ಮಾಡಿ ನೋಡಿ. ಕಲಿಯುವವರಿಗೆ ತಿಂಗಳುಗಟ್ಟಲೆ ಮನುಷ್ಯರನ್ನು ಮುಟ್ಟಲು ಬಿಡುವುದಿಲ್ಲ. ಅಕ್ಕಿ ತುಂಬಿದ ಚೀಲ ಕೊಡುತ್ತಾರೆ. ಅದರ ಮೇಲೆ ತಾಳ ಕೂರಬೇಕು, ಆಮೇಲೆ ಮನುಷ್ಯರ ಬೆನ್ನು.

ನಮ್ಮ ಮನೆ ಹತ್ತಿರದ ಅಂಗಡಿಯಲ್ಲಿ ಇದ್ದವರು ಅಂಧರು. ಅಲ್ಲಿ ಇದು ಸಾಮಾನ್ಯ. 1950ರ ದಶಕದಿಂದ ಸರ್ಕಾರವೇ ಕಣ್ಣಿಲ್ಲದವರಿಗೆ ಮಸಾಜ್ ವಿದ್ಯೆ ಕಲಿಸುತ್ತಾ ಬಂದಿದೆ. ಅಂಧ ವೈದ್ಯರಿಂದಲೇ ಹೆಸರಾದ ಬೀಜಿಂಗ್ ಮಸಾಜ್ ಆಸ್ಪತ್ರೆ 1958ರದು. ನಮ್ಮ ಅಂಗಡಿಯ ಮೇಷ್ಟ್ರು ಬಿಳಿ ಕೋಟು ಹಾಕಿಕೊಂಡು ಇರುತ್ತಿದ್ದರು. ಮೊದಲ ದಿನ ನನ್ನ ಬೆನ್ನ ಮೇಲೆ ಬೆರಳು ಇಟ್ಟವರೇ ‘ಬಲಗೈಯಲ್ಲಿ ಮಗುವನ್ನು ಎತ್ತಿಕೊಳ್ಳುತ್ತೀರಾ?’ ಅಂದರು. ನಾನು ಹೌದು ಅಂದೆ. ಎಕ್ಸ್‌ರೇ, ಸ್ಕ್ಯಾನ್ ಎಲ್ಲ ನೋಡಿ ಬೆಳೆದ ಫಿಸಿಯೋಥೆರಪಿಸ್ಟ್ ನಾನು. ಸ್ವಲ್ಪ ನಾಚಿಕೆಯಾಯಿತು.

ಒತ್ತುವಾಗ ಅವರು ಒಂದೇ ಪ್ರಶ್ನೆ ಕೇಳುತ್ತಿದ್ದರು: ‘ಸ್ವಾನ್ ಆ?’ ಸ್ವಾನ್ ಅಂದರೆ ಹುಳಿ. ಬೆನ್ನು ಹುಳಿಯಾಯಿತಾ ಅಂತ! ಮೊದಲು ನಗು ಬಂತು. ಮಾವಿನಕಾಯಿ ಕಚ್ಚಿದಾಗ ಹಲ್ಲು ಜುಮ್ ಅನ್ನುತ್ತದಲ್ಲ, ಹಾಗೆ ಸ್ನಾಯು ಜುಮ್ ಅಂದರೆ ಸರಿಯಾದ ಜಾಗ ಸಿಕ್ಕಿತು ಅಂತ ಅರ್ಥ. ಅದು ಬೇಕಾದ ನೋವು. ‘ಥೊಂಗ್’ ಅಂದರೆ ಬರೀ ನೋವು, ಆಗ ಕೈ ಹಗುರ ಮಾಡುತ್ತಾರೆ. ಬೇಕಾದ ನೋವಿಗೆ, ಬೇಡದ ನೋವಿಗೆ ಬೇರೆ ಬೇರೆ ಪದ ಇರುವುದು ಎಷ್ಟು ಅನುಕೂಲ ನೋಡಿ. ನಾನು ಇಲ್ಲಿ ರೋಗಿಗಳನ್ನು ‘ನೋವಾಗ್ತಿದೆಯಾ?’ ಅಂದರೆ ‘ಹೂಂ, ಹಿತವಾಗಿದೆ’ ಅನ್ನುತ್ತಾರೆ.

ಥೊಂಗ್ ಬಗ್ಗೆ ಇನ್ನೊಂದು ಮಾತು. ಒಂದು ಸ್ವರದಲ್ಲಿ ಹೇಳಿದರೆ ನೋವು, ಇನ್ನೊಂದು ಸ್ವರದಲ್ಲಿ ಹೇಳಿದರೆ ಅಡೆತಡೆ ಇಲ್ಲದೆ ಹರಿಯುವುದು. ಹರಿದರೆ ನೋವಿಲ್ಲ, ನೋವಿದ್ದರೆ ಹರಿವಿಲ್ಲ ಅಂತ ಅದರ ಮೇಲೆ ಒಂದು ನಾಣ್ಣುಡಿಯೇ ಇದೆ. ನಾವೂ ‘ಸೊಂಟ ಹಿಡ್ಕೊಂಡಿದೆ’ ಅನ್ನುತ್ತೇವೆ, ‘ಬಿಡ್ತು’ ಅನ್ನುತ್ತೇವೆ. ಹಿಡಿದದ್ದು ಏನು, ಬಿಟ್ಟದ್ದು ಏನು ಅಂತ ಯಾರೂ ಕೇಳುವುದಿಲ್ಲ.

ಇಲ್ಲಿ ಒಬ್ಬರು ಕೇಳಿದರು: ‘ಮೇಡಂ, ಚೀ ಅಂತ ಶಕ್ತಿ ಹರಿಯುತ್ತದೆ ಅನ್ನುವುದು ನಿಜವೇ?’

ಅಂಥ ನಾಳವನ್ನು ಯಾರೂ ಕೊಯ್ದು ತೋರಿಸಿಲ್ಲ. ಅದು ಅವರ ವಿವರಣೆ. ನನಗೆ ಗೊತ್ತಿರುವ ವಿವರಣೆ ಬೇರೆ. ಉಜ್ಜಿದರೆ, ಒತ್ತಿದರೆ ಸ್ಪರ್ಶದ ಸುದ್ದಿ ಬೆನ್ನುಹುರಿಗೆ ಮೊದಲು ತಲುಪಿ ನೋವಿನ ಸುದ್ದಿಗೆ ಬಾಗಿಲು ಅರ್ಧ ಮುಚ್ಚುತ್ತದೆ. 1965ರಲ್ಲಿ ಮೆಲ್ಜ್ಯಾಕ್ ಮತ್ತು ವಾಲ್ ಎಂಬ ನೋವಿನ ಸಂಶೋಧಕರು ಹೇಳಿದ್ದು ಹೆಚ್ಚು ಕಡಿಮೆ ಇದನ್ನೇ. ಶಾಖ ಕೊಟ್ಟರೆ ರಕ್ತನಾಳ ಹಿಗ್ಗುತ್ತದೆ, ಬಿಗಿದ ಸ್ನಾಯು ಸಡಿಲವಾಗುತ್ತದೆ. ಅಮೆರಿಕನ್ ಕಾಲೇಜ್ ಆಫ್ ಫಿಜಿಶಿಯನ್ಸ್ ಎಂಬ ವೈದ್ಯರ ಸಂಘ 2017ರಲ್ಲಿ ಹೊಸದಾಗಿ ಬಂದ ಸೊಂಟನೋವಿಗೆ ಕೊಟ್ಟ ಸಲಹೆ ನೋಡಿ: ಮಾತ್ರೆಗಿಂತ ಮೊದಲು ಶಾಖ, ಮಸಾಜ್, ಅಕ್ಯುಪಂಕ್ಚರ್ ಇಂಥವನ್ನು ಮಾಡಿ. ಅದರಲ್ಲಿ ಶಾಖಕ್ಕೆ ಇರುವ ಪುರಾವೆಯೇ ಉಳಿದವಕ್ಕಿಂತ ಗಟ್ಟಿ. ಕಪ್ಪಿಂಗ್, ಗ್ವಾ ಶಾಗಳ ಮೇಲೆ ನಡೆದ ಅಧ್ಯಯನಗಳು ಬಹುಪಾಲು ಸಣ್ಣವು. ಕಪ್ ಹಾಕಿದೆಯೋ ಇಲ್ಲವೋ ಅಂತ ರೋಗಿಗೆ ಗೊತ್ತಾಗದ ಹಾಗೆ ಪರೀಕ್ಷೆ ಮಾಡುವುದಾದರೂ ಹೇಗೆ?

ಎಷ್ಟು ಬಿಸಿ ಅನ್ನುವುದಕ್ಕೂ ಈಗ ಅಂಕಿ ಇದೆ. ನಮ್ಮ ಚರ್ಮದ ನರದಲ್ಲಿ ಸುಮಾರು 43 ಡಿಗ್ರಿಗೆ ತೆರೆದುಕೊಳ್ಳುವ ಒಂದು ಕಿಂಡಿ ಇದೆ. ಮೆಣಸಿನಕಾಯಿಯ ಖಾರ ತೆರೆಯುವುದೂ ಅದನ್ನೇ. ಅದನ್ನು ಪತ್ತೆ ಮಾಡಿದ ಡೇವಿಡ್ ಜೂಲಿಯಸ್‌ಗೆ 2021ರಲ್ಲಿ ನೊಬೆಲ್ ಬಂತು. 44 ಡಿಗ್ರಿ ಶಾಖದಲ್ಲಿ ಚರ್ಮ ಸುಡಲು ಗಂಟೆಗಟ್ಟಲೆ ಬೇಕು. 60 ಡಿಗ್ರಿಯಲ್ಲಿ ಕೆಲವೇ ಸೆಕೆಂಡ್. ಹಿತಕ್ಕೂ ಗಾಯಕ್ಕೂ ನಡುವಿನ ಜಾಗ ಇಷ್ಟೇ ಇಷ್ಟು.

ಹಿಂದಿನ ಸಾಲಿನಿಂದ ಇನ್ನೊಂದು ಪ್ರಶ್ನೆ: ‘ಆನ್‌ಲೈನಲ್ಲಿ ಅಯ್ ಬತ್ತಿ ಸಿಗುತ್ತದೆ. ಅಮ್ಮನ ಕಾಲಿಗೆ ನಾನೇ ಕೊಡಬಹುದಾ? ಅಮ್ಮನಿಗೆ ಶುಗರ್ ಇದೆ.’

ಬೇಡ. ದಯವಿಟ್ಟು ಬೇಡ. ಸಕ್ಕರೆ ಕಾಯಿಲೆ ಹಳೆಯದಾದರೆ ಎಷ್ಟೋ ಜನರಿಗೆ ಪಾದಕ್ಕೆ ಬಿಸಿ ತಿಳಿಯುವುದಿಲ್ಲ. ಆ ಕಿಂಡಿ ಇರುವ ನರವೇ ಸತ್ತಿರುತ್ತದೆ. ಅಮ್ಮ ‘ಇನ್ನೂ ಸ್ವಲ್ಪ ಹತ್ತಿರ ಹಿಡಿ’ ಅನ್ನುತ್ತಾರೆ, ನೀವು ಹಿಡಿಯುತ್ತೀರಿ, ಮಾರನೇ ದಿನ ಬೊಬ್ಬೆ. ರಕ್ತ ತೆಳುವಾಗುವ ಮಾತ್ರೆ ತಗೊಳ್ಳುವವರಿಗೆ ಕಪ್ಪಿಂಗ್, ಗ್ವಾ ಶಾ ಬೇಡ. ಬಸುರಿಯರು ವೈದ್ಯರನ್ನು ಕೇಳದೆ ಯಾವುದನ್ನೂ ಮಾಡಿಸಬೇಡಿ. ಕುತ್ತಿಗೆಯನ್ನು ಲಟಕ್ ಅನಿಸುವವರ ಹತ್ತಿರ ಯಾರೂ ಹೋಗಬೇಡಿ, ಅದು ಯಾವ ದೇಶದ ವಿದ್ಯೆಯೇ ಆಗಿರಲಿ. ಕಾಲು ಮರಗಟ್ಟಿದರೆ, ಮೂತ್ರದ ಹಿಡಿತ ತಪ್ಪಿದರೆ ಶಾಖ ಕೊಡುತ್ತಾ ಕೂರಬೇಡಿ, ಆಸ್ಪತ್ರೆಗೆ ಓಡಿ.

ಬಿಸಿ ತಿಳಿಯದವರಿಗೆ ಅಲ್ಲಿಯವರು ಏನು ಮಾಡುತ್ತಾರೆ ಅಂತ ನಾನೂ ಮೇಷ್ಟ್ರನ್ನು ಕೇಳಿದ್ದೆ. ಅವರ ಅಂಗಡಿಯಲ್ಲಿ ಶಾಖ ಕೊಡುತ್ತಿದ್ದದ್ದು ಅವರ ತಂಗಿ, ಕಣ್ಣಿರುವಾಕೆ. ಆಕೆ ಮಾಡಿ ತೋರಿಸಿದಳು. ಎಡಗೈಯ ತೋರುಬೆರಳು ಮತ್ತು ನಡುಬೆರಳನ್ನು ಅಗಲಿಸಿ, ಶಾಖ ಕೊಡುವ ಜಾಗದ ಎರಡೂ ಪಕ್ಕಕ್ಕೆ ಇಟ್ಟಳು. ಬಲಗೈಯಲ್ಲಿ ಕೆಂಡದ ಬತ್ತಿ. ಮಕ್ಕಳಿಗೂ ಇದೇ ಕ್ರಮವಂತೆ. ಹಾಗೆ ಇಟ್ಟರೆ ಕೊಡುವವರ ಬೆರಳಿಗೇ ಮೊದಲು ಬಿಸಿ ತಾಗುತ್ತದೆ. ಆಕೆಯ ಆ ಎರಡು ಬೆರಳುಗಳ ಒಳಬದಿ ಕಂದಿಹೋಗಿತ್ತು, ಚಪಾತಿ ಸುಡುವವರ ಬೆರಳಿನ ಹಾಗೆ.